ಬುಧವಾರದ ಹತ್ತು ನಿಮಿಷ

ಜನವರಿ 8

ಸೂಜಿಗೆ,

ನಿನ್ನ ಫೋನು ಮೊದಮೊದಲು ಬಡಿದುಕೊಂಡು ಸುಮ್ಮನಾಗುತ್ತಿತ್ತು. ಈಗ ಆ ನಂಬರೇ ಚಾಲ್ತಿಯಲ್ಲಿಲ್ಲವಂತೆ. ಕೊನೆಗೆ ನಿನ್ನ ಅಣ್ಣನ ಮನೆಗೆ ಹೋಗಿ ವಿಳಾಸ ಕೇಳಿದೆ. ಅವನು ಬಾಗಿಲಲ್ಲೇ ನಿಂತು, ಚಿಕ್ಕಮ್ಮನ ಮನೆಯಲ್ಲಿದ್ದಾಳೆ ಎಂದು ಚೀಟಿಯಲ್ಲಿ ಬರೆದುಕೊಟ್ಟ. ಒಳಗೆ ಕರೆಯಲಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಕರೆಯುತ್ತಿರಲಿಲ್ಲ. ನಿನ್ನ ಅತ್ತಿಗೆ ಒಳಗಿದ್ದಳು. ಯಾವುದೋ ಪಾತ್ರೆ ಬಿದ್ದ ಸದ್ದಾಯಿತು. ಅದನ್ನು ಎತ್ತಿಡುವುದಕ್ಕೆ ಅವಳಿಗೆ ಬಹಳ ಹೊತ್ತು ಹಿಡಿಯಿತು.

ಹನ್ನೆರಡು ವರ್ಷ ಈ ಲಾಂಡ್ರಿಯಲ್ಲಿ ಅಕ್ಕಪಕ್ಕ ನಿಂತು ಆಸ್ಪತ್ರೆಗಳ ಬೆಡ್‌ಶೀಟುಗಳನ್ನು ಇಸ್ತ್ರಿಯ ಬಿಸಿ ರೋಲರಿಗೆ ಕೊಟ್ಟವರು ನಾವು. ನೀನು ಒಂದು ತುದಿ, ನಾನು ಒಂದು ತುದಿ. ಬೇಕಾದ್ದನ್ನೆಲ್ಲ ಅಲ್ಲೇ ಮಾತಾಡಿ ಮುಗಿಸುತ್ತಿದ್ದೆವು, ಕಾಗದ ಬರೆಯುವ ಪ್ರಮೇಯವೇ ಬಂದಿರಲಿಲ್ಲ. ಹಾಗಾಗಿ ಹೇಗೆ ಶುರು ಮಾಡಬೇಕೋ ತಿಳಿಯುತ್ತಿಲ್ಲ. ನನಗೆ ದೊಡ್ಡಬಾಯಿ ಎಂದು ಹೆಸರಿಟ್ಟವಳು ನೀನು. ಆ ಬಾಯಿಗೆ ಮಾತು ಸಿಗುತ್ತಿಲ್ಲ ಎಂದರೆ ನಂಬುತ್ತೀಯೋ ಇಲ್ಲವೋ.

ಆ ಬುಧವಾರದ ವಿಷಯ ಹೇಳಿಬಿಡುತ್ತೇನೆ. ನಾನು ಮೇಲ್ವಿಚಾರಕಿಯಾಗಿ ಆರು ತಿಂಗಳಾಗಿತ್ತು. ಬುಧವಾರ ಬೆಳಿಗ್ಗೆ ಮಡಿಸುವ ಮೇಜಿನ ಸುತ್ತ ಎಲ್ಲರನ್ನೂ ನಿಲ್ಲಿಸಿ ಹತ್ತು ನಿಮಿಷ ಮೀಟಿಂಗ್ ಮಾಡಬೇಕೆಂದು ಮೇಲಿನವರ ಅಪ್ಪಣೆ. ನೀನು ಮೀಟಿಂಗಿನಲ್ಲಿ ಒಂದು ದಿನವೂ ಬಾಯಿ ಬಿಟ್ಟವಳಲ್ಲ, ಆ ದಿನ ಬಿಟ್ಟೆ. ಎರಡನೇ ರೋಲರಿನ ಮುಂದೆ ಅಡ್ಡ ಹಾಕಿರುವ ತಡೆಸರಳು ಸರಿಯಿಲ್ಲ, ಬೆರಳು ತಗುಲಿದ ಕೂಡಲೇ ರೋಲರ್ ನಿಲ್ಲಬೇಕು, ನಿಲ್ಲುತ್ತಿಲ್ಲ, ತಡ ಮಾಡುತ್ತಿದೆ ಎಂದೆ. ಅದಕ್ಕೆ ನಾನು, "ಮಷೀನ್ ನಿಧಾನ ಅಲ್ಲ ಕಣೆ, ನೀನೇ ಜಾಸ್ತಿ ಚುರುಕು. ಸೂಜಿಗೆ ಲೋಕಾನೇ ನಿಧಾನ ಕಾಣತ್ತೆ" ಅಂದೆ. ಹದಿನಾಲ್ಕು ಜನ ನಕ್ಕರು. ನೀನೂ ನಕ್ಕೆ. ನೀನೂ ನಕ್ಕದ್ದರಿಂದ ನನಗೆ ಏನೂ ಅನ್ನಿಸಲಿಲ್ಲ.

ಮೂರು ವಾರ ಕಳೆದ ಮೇಲೆ ಅದೇ ರೋಲರು ನಿನ್ನ ಅತ್ತಿಗೆಯ ಬಲಗೈಯ ನಾಲ್ಕು ಬೆರಳು ತೆಗೆದುಕೊಂಡಿತು. ಅವಳು ಕೆಲಸಕ್ಕೆ ಸೇರಿ ಎರಡೇ ತಿಂಗಳಾಗಿತ್ತು. ಸೇರಿಸಿದವಳು ನೀನು.

ನನ್ನ ನಗೆಚಾಟಿಕೆಗೆ ಕ್ಷಮೆ ಕೇಳುತ್ತಿದ್ದೇನೆ. ಕ್ಷಮೆ ಎನ್ನುವ ಮಾತು ಇಷ್ಟು ಸಣ್ಣದು ಎಂದು ಬರೆದ ಮೇಲೆ ಕಾಣುತ್ತಿದೆ. ಎರಡು ಸಾಲು ಉತ್ತರ ಬರೆ. ಬೈದಾದರೂ ಬರೆ.

ನಿನ್ನ,
ದೊಡ್ಡಬಾಯಿ


ಫೆಬ್ರವರಿ 2

ಸೂಜಿಗೆ,

ಉತ್ತರ ಬರಲಿಲ್ಲ. ಬರುವುದಿಲ್ಲವೆಂದು ಗೊತ್ತಿದ್ದೂ ಅಂಚೆಯವನು ಬರುವ ಹೊತ್ತಿಗೆ ಕಿಟಕಿಯ ಹತ್ತಿರ ಏನಾದರೊಂದು ಕೆಲಸ ಹಚ್ಚಿಕೊಳ್ಳುತ್ತೇನೆ.

ಇಲ್ಲಿ ಎರಡನೇ ರೋಲರಿಗೆ ಹೊಸ ತಡೆಸರಳು ಹಾಕಿದ್ದಾರೆ. ಉಸಿರು ತಗುಲಿದರೂ ನಿಲ್ಲುತ್ತದೆ. ಮೀಟಿಂಗ್ ಮಾತ್ರ ಸತ್ತುಹೋಗಿದೆ. ನಾನು "ಯಾರಿಗಾದ್ರೂ ಏನಾದ್ರೂ ಹೇಳೋದಿದ್ಯಾ" ಎಂದು ಕೇಳುತ್ತೇನೆ. ಹದಿಮೂರು ಜನವೂ ಮೇಜನ್ನು ನೋಡುತ್ತಾರೆ. ಹಸಿ ಬಟ್ಟೆ ಬೇರ್ಪಡಿಸುವ ನಮ್ಮ ಹಿರಿಯಕ್ಕ ಗೊತ್ತಲ್ಲ, ಅವಳ ಸರದಿ ಬಂದಾಗ "ನಂದೇನಿಲ್ಲ" ಎನ್ನುತ್ತಾಳೆ. ವಾರ ವಾರವೂ ಅದೇ. ಈಗ ಎಲ್ಲರೂ ಅವಳನ್ನು ನಂದೇನಿಲ್ಲ ಎಂದೇ ಕರೆಯುತ್ತಾರೆ. ಕರೆದರೆ ಓ ಎನ್ನುತ್ತಾಳೆ.

ಬಾಯಿ ಬಿಟ್ಟು ಹೇಳುವುದಕ್ಕೆ ಸಂಕೋಚವಿದ್ದರೆ ಬರೆದಾದರೂ ಹಾಕಲಿ ಎಂದು ಸೋಪಿನ ಪುಡಿಯ ರಟ್ಟಿನ ಡಬ್ಬಕ್ಕೆ ಸೀಳು ಮಾಡಿ ಬಾಗಿಲ ಪಕ್ಕ ಇಟ್ಟೆ. ಹೆಸರು ಬರೆಯಬೇಕಿಲ್ಲ ಎಂದೂ ಹೇಳಿದೆ. ಎರಡು ವಾರಕ್ಕೆ ಮೂರು ಚೀಟಿ ಬಂದವು. ಒಂದರಲ್ಲಿ ಫ್ಯಾನು ಬೇಕು ಎಂದಿತ್ತು. ಒಂದು ಖಾಲಿ. ಮೂರನೆಯದರಲ್ಲಿ "ಸೂಜಿ ಎಲ್ಲಿ" ಎಂದಿತ್ತು.

ಮೀಟಿಂಗಿನಲ್ಲಿ ಚೀಟಿ ಓದಿ ಉತ್ತರ ಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ಫ್ಯಾನಿನದು ಓದಿದೆ. ಇನ್ನೊಂದನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ. ಬರೆದವರು ಅಲ್ಲೇ ನಿಂತಿದ್ದರು, ಚೀಟಿ ಜೇಬಿಗೆ ಹೋದದ್ದನ್ನು ನೋಡಿದರು. ಯಾರು ಎಂದು ನನಗೆ ಗೊತ್ತಿಲ್ಲ. ಆ ಮೇಲೆ ಡಬ್ಬಕ್ಕೆ ಚೀಟಿ ಬಿದ್ದಿಲ್ಲ.

ನಿನ್ನ,
ದೊಡ್ಡಬಾಯಿ


ಮಾರ್ಚ್ 5

ಸೂಜಿಗೆ,

ಇವತ್ತು ಒಂದು ಸಣ್ಣ ಸಂಗತಿ ನಡೆಯಿತು. ನಿನ್ನನ್ನು ಬಿಟ್ಟು ಬೇರೆ ಯಾರಿಗೆ ಹೇಳಿದರೂ ಇದರಲ್ಲೇನಿದೆ ಎಂದಾರು.

ಕಳೆದ ತಿಂಗಳು ನಮ್ಮ ಬಾಯ್ಲರ್ ಮಾವನ ಹತ್ತಿರ ಕೂತು ಗೋಳು ತೋಡಿಕೊಂಡೆ. ಯಾರೂ ಮಾತಾಡುವುದಿಲ್ಲ, ನನ್ನ ಮೇಲೆ ಯಾರಿಗೂ ನಂಬಿಕೆಯಿಲ್ಲ ಎಂದೆ. ಅವನು ಆವಿಯ ಒತ್ತಡ ತೋರಿಸುವ ಮುಳ್ಳು ನೋಡುತ್ತಲೇ, "ನೀನು ಮೊದಲು ಮಾತಾಡ್ತೀಯ. ಅಲ್ಲಿಗೆ ಮುಗೀತು. ನೀನು ಮುಗಿಸಿದ ಮೇಲೆ ಬೇರೆಯವ್ರಿಗೆ ಏನು ಉಳಿಯತ್ತೆ" ಎಂದ. ಅಷ್ಟೇ ಹೇಳಿದ್ದು. ನನಗೆ ಮೈಯೆಲ್ಲ ಉರಿಯಿತು. ಆದರೂ ಮುಂದಿನ ಬುಧವಾರ ಮೇಜಿನ ತಲೆಗೆ ನಿಲ್ಲದೆ ಮಧ್ಯದಲ್ಲಿ ನಿಂತೆ. ಇನ್ನು ಮೇಲೆ ನಾನು ಕೊನೆಗೆ ಮಾತಾಡುತ್ತೇನೆ, ಈ ವಾರ ಯಾವುದು ಸರಿಯಿಲ್ಲ ಎನ್ನುವುದನ್ನು ನೀವು ಹೇಳಿ ಎಂದೆ. ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ನನ್ನ ನಾಲಿಗೆ ಒಳಗೇ ಒದ್ದಾಡುತ್ತಿತ್ತು. ಒಣಗಿಸುವ ಯಂತ್ರಗಳ ಸದ್ದು ಕೇಳುತ್ತ ನಿಂತು, ಹತ್ತು ನಿಮಿಷವಾದ ಮೇಲೆ ಸರಿ, ಕೆಲಸಕ್ಕೆ ಹೋಗೋಣ ಎಂದೆ. ಎರಡನೇ ವಾರವೂ ಹಾಗೇ ಆಯಿತು, ಮೂರನೇ ವಾರವೂ ಹಾಗೇ.

ಇವತ್ತು ನಂದೇನಿಲ್ಲ ಬಾಯಿ ತೆರೆದಳು. ಅವಳ ತಳ್ಳುಗಾಡಿಯ ಚಕ್ರ ಒಂದೇ ಕಡೆಗೆ ಎಳೆಯುತ್ತದಂತೆ, ಸೊಂಟ ಹಿಡಿಯುತ್ತದಂತೆ. ಎಷ್ಟು ದಿನದಿಂದ ಎಂದು ಕೇಳಿದೆ. ಎರಡು ವರ್ಷದಿಂದ ಎಂದಳು. ಚಕ್ರಕ್ಕಿಂತ ನಿನ್ನ ಸೊಂಟಕ್ಕೇ ಎಣ್ಣೆ ಬಿಡಬೇಕು ಎನ್ನುವ ಮಾತು ನನ್ನ ಹಲ್ಲಿನ ಹಿಂದಕ್ಕೆ ಬಂದು ನಿಂತಿತ್ತು. ಎಲ್ಲರೂ ನಗುವುದಕ್ಕೆ ತಯಾರಾಗಿ ನನ್ನ ಮುಖ ನೋಡಿದರು. ಮಾತನ್ನು ನುಂಗಿದೆ. ಮಧ್ಯಾಹ್ನದೊಳಗೆ ಗಾಡಿಯನ್ನು ಬೋರಲು ಹಾಕಿಸಿ, ಮಾವನ ಕೈಯಲ್ಲಿ ಚಕ್ರ ಬಿಚ್ಚಿಸಿ, ಸುತ್ತಿಕೊಂಡಿದ್ದ ದಾರದ ಗಂಟು ಕತ್ತರಿಸಿ ತೆಗೆಸಿ ಗ್ರೀಸ್ ಹಾಕಿಸಿದೆ. ಅವಳು ಖಾಲಿ ಗಾಡಿಯನ್ನೇ ಆ ಗೋಡೆಯಿಂದ ಈ ಗೋಡೆಗೆ ತಳ್ಳಿ ನೋಡಿದಳು. ಮುಖ ನೋಡಬೇಕಿತ್ತು ನೀನು.

ನಂಬಿಕೆ ಎಂದರೆ ಏನೋ ದೊಡ್ಡ ಮಾತು ಎಂದುಕೊಂಡಿದ್ದೆ. ಹೇಳಿದ ದಿನವೇ ಚಕ್ರ ತಿರುಗಿದರೆ ಅಷ್ಟು ನಂಬಿಕೆ ಬರುತ್ತದೆ.

ವಾಪಸು ಬಾ. ನಿನ್ನ ಜಾಗಕ್ಕೆ ಯಾರನ್ನೂ ಹಾಕಿಲ್ಲ.

ನಿನ್ನ,
ದೊಡ್ಡಬಾಯಿ


ಮಾರ್ಚ್ 21

ದೊಡ್ಡಬಾಯಿಗೆ,

ಮೂರು ಕಾಗದವೂ ಬಂದಿವೆ. ಚಕ್ರ ಸರಿ ಮಾಡಿಸಿದ್ದು ಒಳ್ಳೆಯದಾಯಿತು.

ಒಟ್ಟು ಹನ್ನೊಂದು ಪುಟ ಬರೆದಿದ್ದೀಯ. ವಿಚಾರಣೆಯ ದಿನದ ಬಗ್ಗೆ ಒಂದು ಸಾಲೂ ಇಲ್ಲ. ಕಣ್ಣು ತಪ್ಪಿತೇನೋ ಎಂದು ಎರಡು ಸಲ ಹುಡುಕಿದೆ.

ಇನ್ನು ಬರೆಯಬೇಡ.

ಸೂಜಿ


ಏಪ್ರಿಲ್ 4

ಸೂಜಿಗೆ,

ಬರೆಯಬೇಡ ಎಂದಿದ್ದೀಯ. ಇದೊಂದನ್ನು ಓದು, ಆಮೇಲೆ ಹರಿದು ಹಾಕು.

ವಿಚಾರಣೆಯ ದಿನ ಮಹಡಿಯ ಕೋಣೆಯಲ್ಲಿ ಉದ್ದ ಮೇಜು. ಒಂದು ಕಡೆ ಮ್ಯಾನೇಜರು, ಒಂದು ಕಡೆ ವಿಚಾರಣೆಗೆ ಬಂದಿದ್ದ ಅಧಿಕಾರಿ, ಎದುರಿಗೆ ನಾನು. ನೀನು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಅಧಿಕಾರಿ ಕೇಳಿದ್ದು ಒಂದೇ ಮಾತು. "ಈ ಯಂತ್ರ ಸರಿಯಿಲ್ಲ ಅಂತ ಮೊದಲು ಯಾರಾದ್ರೂ ಹೇಳಿದ್ರಾ?"

ಮ್ಯಾನೇಜರು ನನ್ನನ್ನೇ ನೋಡುತ್ತಿದ್ದರು. ನಾನು "ಇಲ್ಲ ಸರ್, ಯಾರೂ ಹೇಳಿಲ್ಲ" ಎಂದೆ.

ಹೇಳಿ ಮುಗಿಸಿದ ಮೇಲೆ ನಿನ್ನ ಕಡೆ ತಿರುಗುವ ಧೈರ್ಯವಾಗಲಿಲ್ಲ. ನೀನು ಎದ್ದು ನಿಲ್ಲುತ್ತೀಯ, ಸುಳ್ಳು ಎನ್ನುತ್ತೀಯ ಎಂದು ಕಾದೆ. ಹಾಗೆ ಅಂದಿದ್ದರೆ ಒಪ್ಪಿಕೊಂಡುಬಿಡುತ್ತಿದ್ದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿರುತ್ತೇನೆ. ಅವರು ನಿನ್ನನ್ನೂ ಕೇಳಿದರು. ನೀನು ನೆಲ ನೋಡುತ್ತ "ನಂಗೇನೂ ಗೊತ್ತಿಲ್ಲ" ಎಂದೆ. ನನ್ನನ್ನು ಉಳಿಸಲು ಹಾಗೆ ಅಂದೆಯೋ, ನನ್ನ ಜೊತೆ ಜಗಳಕ್ಕೂ ಬೇಡ ಎನ್ನುವಷ್ಟು ಮನಸ್ಸು ಮುರಿದಿತ್ತೋ, ಇವತ್ತಿಗೂ ತಿಳಿದಿಲ್ಲ. ನೀನು ಸಹಿ ಮಾಡಿ ಎದ್ದು ಹೋದೆ. ಅದೇ ನಿನ್ನನ್ನು ಕೊನೆಯದಾಗಿ ನೋಡಿದ್ದು.

ವರದಿಯಲ್ಲಿ ಬರೆದರು, ಕೆಲಸಗಾರಳ ಅಜಾಗರೂಕತೆಯಿಂದ ಆದ ಅಪಘಾತ ಎಂದು. ಎರಡು ತಿಂಗಳ ಹಿಂದೆ ಸೇರಿದವಳು, ಕೈ ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ ಎಂದು. ಬೆರಳು ಹೋದದ್ದಲ್ಲದೆ ತಪ್ಪೂ ಅವಳದ್ದೇ ಆಯಿತು. ನನ್ನ ಕೆಲಸ ಉಳಿಯಿತು.

ಹೇಳಿಕೆ ಬದಲಿಸಬೇಕೆಂದು ಮೂರು ಸಲ ಮಹಡಿಯ ಮೆಟ್ಟಿಲು ಹತ್ತಿದ್ದೇನೆ. ಮೂರು ಸಲವೂ ಬಾಗಿಲ ಹಿಡಿ ಮುಟ್ಟಿ ಇಳಿದು ಬಂದಿದ್ದೇನೆ. ಬುಧವಾರ ಬುಧವಾರ ಉಳಿದವರಿಗೆಲ್ಲ ಹೆದರಬೇಡಿ, ಮಾತಾಡಿ ಎನ್ನುವವಳು ನಾನೇ.

ಒಂದು ಮಾತು ಮಾತ್ರ ತಿಳಿದಿರು. ನೀನು ಹೇಳಬೇಕಾದ್ದನ್ನು ಹೇಳಬೇಕಾದ ಜಾಗದಲ್ಲಿ ಹೇಳಿದ್ದೆ. ನಿನ್ನ ಮೇಲೆ ಧೂಳಿನ ಒಂದು ಕಣವೂ ಇಲ್ಲ.

ದೊಡ್ಡಬಾಯಿ


ಮೇ 27

ದೊಡ್ಡಬಾಯಿಗೆ,

ನಿನ್ನ ಕಾಗದ ಹರಿಯಲಿಲ್ಲ. ಏಳು ವಾರ ಕಪಾಟಿನಲ್ಲಿತ್ತು. ಉಳಿದದ್ದೆಲ್ಲ ಇರಲಿ, ಧೂಳಿನ ಕಣ ಎಂದು ಬರೆದೆಯಲ್ಲ, ಅದನ್ನು ಹಾಗೇ ಬಿಡಲು ಆಗುತ್ತಿಲ್ಲ.

ಅಪಘಾತವಾದ ದಿನವೂ ಬುಧವಾರ. ನಿನಗೆ ಅದು ನೆನಪಿದೆ. ಅದಕ್ಕಿಂತ ಹೆಚ್ಚು ನೆನಪಿಲ್ಲವೆಂದು ನಿನ್ನ ಕಾಗದಗಳಿಂದ ಗೊತ್ತಾಯಿತು.

ನಾನು ದಿನಾ ಯಂತ್ರ ಶುರು ಮಾಡುವ ಮೊದಲು ಮರದ ಅಡಿಕೋಲಿನಿಂದ ತಡೆಸರಳನ್ನು ಒತ್ತಿ ನೋಡುತ್ತಿದ್ದೆ. ಆ ದಿನ ಒತ್ತಿದಾಗ ರೋಲರು ತಡ ಮಾಡಿ ನಿಲ್ಲಲಿಲ್ಲ, ನಿಲ್ಲಲೇ ಇಲ್ಲ. ಕೈಯಲ್ಲಿ ಸ್ವಿಚ್ ಆರಿಸಬೇಕಾಯಿತು. ಕೋಲು ಹಿಡಿದುಕೊಂಡೇ ನಿನ್ನ ಹತ್ತಿರ ಬಂದೆ. ಆಗಲೇ ಎಲ್ಲರೂ ಮೇಜಿನ ಸುತ್ತ ನಿಂತಿದ್ದರು, ನೀನು ಏನೋ ಹೇಳಿ ನಗಿಸುತ್ತಿದ್ದೆ. ನನ್ನನ್ನು ನೋಡಿದೆ. "ಏನ್ ಸೂಜಿ, ಇವತ್ತೂ ಮಷೀನ್ ನಿಧಾನಾನಾ" ಎಂದೆ. ಎಲ್ಲರೂ ನಕ್ಕರು. ನನ್ನ ಅತ್ತಿಗೆಯೂ ನಕ್ಕಳು. ಹೊಸಬಳಲ್ಲವೇ, ಎಲ್ಲರ ಜೊತೆ ಸೇರಬೇಕು ಎಂದು.

ನಾನು "ಏನಿಲ್ಲ" ಎಂದೆ.

ಅಲ್ಲಿಗೆ ಮುಗಿಯಲಿಲ್ಲ. ಮೀಟಿಂಗ್ ಆದ ಮೇಲೆ ನಿನ್ನ ಹತ್ತಿರ ಬಂದು ತಲೆನೋವು, ಇವತ್ತು ಹೊಲಿಗೆ ಕೋಣೆಯಲ್ಲಿ ಕೂರುತ್ತೇನೆ ಎಂದೆ. ನೀನು ಹೋಗು ಎಂದೆ. ನನಗೆ ತಲೆನೋವು ಇರಲಿಲ್ಲ. ಆ ಯಂತ್ರದ ಮುಂದೆ ನಿಲ್ಲಲು ಹೆದರಿಕೆಯಾಗಿತ್ತು. ನನ್ನ ಜಾಗಕ್ಕೆ ಯಾರನ್ನಾದರೂ ಹಾಕಲೇಬೇಕಲ್ಲ, ಯಾರನ್ನು ಹಾಕುತ್ತಾರೆ ಎಂದು ನಾನು ಯೋಚಿಸಲಿಲ್ಲ. ಹಾಗೆಂದು ಬರೆಯುವುದು ಸುಲಭ. ಯೋಚಿಸಬಾರದೆಂದೇ ಯೋಚಿಸಲಿಲ್ಲ. ಯಾರಿಗಾದರೂ ಏನಾದರೂ ಆದರೆ ಆಗ ಗೊತ್ತಾಗುತ್ತದೆ ನಿನಗೆ, ಆಗ ನಗು ನೋಡೋಣ, ಎನ್ನುವ ಒಂದು ಮಾತೂ ಮನಸ್ಸಿನಲ್ಲಿ ಹಾದುಹೋಯಿತು. ಇದನ್ನು ಇಷ್ಟು ದಿನ ಯಾರಿಗೂ ಹೇಳಿಲ್ಲ.

ನೀನು ನನ್ನ ಅತ್ತಿಗೆಯನ್ನು ಕರೆದು ಅಲ್ಲಿ ನಿಲ್ಲಿಸಿದೆ. ಹನ್ನೊಂದು ಮುಕ್ಕಾಲಿಗೆ ನಾನು ಹರಿದ ದಿಂಬಿನ ಚೀಲಕ್ಕೆ ಅಂಚು ಹಾಕುತ್ತಿದ್ದೆ. ಕೂಗು ಕೇಳಿಸಿದ ಕೂಡಲೇ ಯಾರದು ಎಂದು ಗೊತ್ತಾಯಿತು.

ವಿಚಾರಣೆಯಲ್ಲಿ ನಾನು ಬಾಯಿ ಮುಚ್ಚಿಕೊಂಡದ್ದು ನಿನ್ನನ್ನು ಉಳಿಸಲು ಅಲ್ಲ. ಮೂರು ವಾರದ ಹಿಂದಿನದು ಹೇಳಿದರೆ ಆ ಬೆಳಗಿನದೂ ಹೇಳಬೇಕಾಗುತ್ತಿತ್ತು.

ಆಸ್ಪತ್ರೆಯಿಂದ ಬಂದ ಮೇಲೆ ಅತ್ತಿಗೆ ಒಂದು ದಿನ ಬಾಚಣಿಗೆ ತಂದು ನನ್ನ ಮುಂದೆ ಕೂತು, ಜಡೆ ಹಾಕಿಕೊಡು ಎಂದಳು. ಅಲ್ಲಿಯವರೆಗೆ ಎಂಟು ವರ್ಷ ನನ್ನ ಜಡೆ ಹಾಕುತ್ತಿದ್ದವಳು ಅವಳು. ನನಗೆ ಮೂರು ಎಳೆ ಬಿಡಿಸುವುದಕ್ಕೆ ಆಗಲಿಲ್ಲ. ಅವಳು ನನ್ನ ಬೆನ್ನು ಸವರಿ, ಪರವಾಗಿಲ್ಲ ಬಿಡು ಎಂದಳು. ಮಾರನೆಯ ದಿನ ಬೆಳಿಗ್ಗೆ ಚಿಕ್ಕಮ್ಮನ ಮನೆಗೆ ಹೊರಟೆ.

ಈಗ ಹೇಳು, ಎಷ್ಟು ಕಣ ಇದೆ.

ಸೂಜಿ


ಜೂನ್ 28

ಸೂಜಿಗೆ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಆ ಎರಡನೇ ಮಾತು ನನಗೆ ನೆನಪಿಲ್ಲ. ಸುಳ್ಳಲ್ಲ, ಎಷ್ಟು ಕೆದಕಿದರೂ ಸಿಗುತ್ತಿಲ್ಲ. ನೀನು ಕೋಲು ಹಿಡಿದು ನಿಂತದ್ದೂ ಇಲ್ಲ, ನಾನು ಕೇಳಿದ್ದೂ ಇಲ್ಲ. ಎಂಟು ತಿಂಗಳಿಂದ ಮೊದಲನೆಯ ನಗುವಿಗೆ ಅಳುತ್ತಿದ್ದೇನೆ, ಎರಡನೆಯದು ನನ್ನ ತಲೆಯಲ್ಲಿ ನಿಂತೇ ಇಲ್ಲ. ನಿನಗೆ ಅದು ಬದುಕು ಪೂರ್ತಿಯ ಮಾತು, ನನಗೆ ಬಾಯಿಂದ ಹೋದ ಗಾಳಿ.

ನಂದೇನಿಲ್ಲಳನ್ನು ಪಕ್ಕಕ್ಕೆ ಕರೆದು ಕೇಳಿದೆ. ಅವಳು, "ಹೌದು, ನೀನು ಅಂದೆ. ನಾವು ನಕ್ಕಿದ್ವಿ. ಅವ್ಳ ಕೈಯಲ್ಲಿ ಕೋಲಿತ್ತು" ಎಂದಳು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುವುದಕ್ಕೆ ಹೊರಟಿದ್ದೆ. ಕೇಳಲಿಲ್ಲ.

ಅವತ್ತೇ ಮಹಡಿ ಹತ್ತಿದೆ. ಬಾಗಿಲು ತೆರೆದೆ. ಸೆಪ್ಟೆಂಬರಿನಲ್ಲೇ ನೀನು ಯಂತ್ರದ ವಿಷಯ ಹೇಳಿದ್ದೆ, ನಾನು ನಕ್ಕು ತಳ್ಳಿಹಾಕಿದೆ, ವಿಚಾರಣೆಯಲ್ಲಿ ಸುಳ್ಳು ಹೇಳಿದೆ ಎಂದು ಬರೆದುಕೊಟ್ಟು ಸಹಿ ಹಾಕಿದೆ. ಮ್ಯಾನೇಜರು ಕಾಗದವನ್ನು ಹಿಂದಕ್ಕೆ ತಳ್ಳಿ, ಮನೆಗೆ ಹೋಗಿ ಯೋಚನೆ ಮಾಡು ಎಂದರು. ಯೋಚನೆ ಮಾಡಿಯೇ ಬಂದೆ ಎಂದೆ. ಅಧಿಕಾರಿಗೂ ಒಂದು ಪ್ರತಿ ಅಂಚೆಗೆ ಹಾಕಿದೆ. ಅಪಘಾತದ ದಿನದ ಬೆಳಗಿನದು ಬರೆಯಲಿಲ್ಲ. ಅದು ನಿನ್ನದು, ನನ್ನ ಬಾಯಿಂದ ಬರಬಾರದು.

ನನ್ನನ್ನು ಮೇಲ್ವಿಚಾರಣೆಯಿಂದ ಇಳಿಸಿ ಮಡಿಸುವ ಮೇಜಿಗೆ ಹಾಕಿದ್ದಾರೆ. ಹೊರಗೆ ಹಾಕುತ್ತಾರೆ ಎಂದುಕೊಂಡಿದ್ದೆ. ಇನ್ನೂ ಹಾಕಬಹುದು. ನಾನು ನಡೆಸಿದ ಕೊನೆಯ ಮೀಟಿಂಗಿನಲ್ಲಿ ಎಲ್ಲರಿಗೂ ಹೇಳಿದೆ, ಸುಳ್ಳು ಹೇಳಿದ್ದನ್ನೂ ಬಿಡದೆ. ಯಾರೂ ಸಮಾಧಾನ ಹೇಳಲಿಲ್ಲ. ಬಾಯ್ಲರ್ ಮಾವ ಮಾತ್ರ, "ಅವತ್ತು ನಾವೂ ನಕ್ಕಿದ್ವಲ್ಲ" ಎಂದ. ಆಮೇಲೆ ಕೆಲಸಕ್ಕೆ ಹೋದೆವು.

ಎಷ್ಟು ಕಣ ಎಂದು ನೀನು ಕೇಳಿದ್ದೀಯ. ನಿನ್ನ ತಪ್ಪಿಲ್ಲ ಎಂದರೆ ನೀನು ನಂಬುವುದಿಲ್ಲ. ನಿನ್ನ ತಪ್ಪು ಎನ್ನುವುದಕ್ಕೆ ನನಗೆ ಬಾಯಿಲ್ಲ. ನೀನು ಏನಿಲ್ಲ ಎಂದಾಗ ಏನೋ ಇದೆ ಎಂದು ತಿಳಿಯದಿದ್ದರೆ, ಹನ್ನೆರಡು ವರ್ಷ ಪಕ್ಕದಲ್ಲಿ ನಿಂತು ನಾನು ಏನು ಕಲಿತೆ.

ದೊಡ್ಡಬಾಯಿ


ಆಗಸ್ಟ್ 12

ದೊಡ್ಡಬಾಯಿಗೆ,

ಹೊಸ ವರದಿ ಬಂತೆಂದು ಅಣ್ಣ ಚಿಕ್ಕಮ್ಮನಿಗೆ ಫೋನು ಮಾಡಿ ಹೇಳಿದ. ತಪ್ಪು ಯಂತ್ರದ್ದು, ಅತ್ತಿಗೆಯದಲ್ಲ ಎಂದಿದೆಯಂತೆ. ನನ್ನನ್ನು ಫೋನಿಗೆ ಕರೆದು, ನೀನು ಮೊದಲೇ ಹೇಳಿದ್ದೆಯಂತೆ, ಹೇಳಿಯೂ ಯಾರೂ ಕೇಳಲಿಲ್ಲವಂತೆ, ಎಂದು ಅತ್ತ. ಆ ಅಳು ಕೇಳಿದ ಮೇಲೆ ಹೋಗದೆ ಇರಲು ಆಗಲಿಲ್ಲ.

ಹೋದ ಶನಿವಾರ ಹೋದೆ. ಅಣ್ಣ ಕೆಲಸಕ್ಕೆ ಹೋಗಿದ್ದ. ಅತ್ತಿಗೆ ಎಡಗೈಯಲ್ಲಿ ಬಟ್ಟೆ ಹರವುತ್ತಿದ್ದಳು. ಬಟ್ಟೆಯ ಒಂದು ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೊಡವುತ್ತಾಳೆ ಈಗ. ನನ್ನನ್ನು ನೋಡಿ ಅದನ್ನು ಅಲ್ಲೇ ಬಿಟ್ಟು ಓಡಿ ಬಂದು ತಬ್ಬಿಕೊಂಡಳು. ಎಷ್ಟು ಸೊರಗಿದ್ದೀಯ ಎಂದು ನನ್ನ ಕೆನ್ನೆ ಹಿಡಿದಳು. ಆಗಲೇ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎನ್ನಿಸಿತು. ನಿಂತಲ್ಲೇ ಹೇಳಿದೆ. ಕೋಲು, ರೋಲರು ನಿಲ್ಲದ್ದು, ಏನಿಲ್ಲ ಎಂದದ್ದು, ತಲೆನೋವು. ಮನಸ್ಸಿನಲ್ಲಿ ಹಾದುಹೋದ ಆ ಮಾತನ್ನೂ ಹೇಳಿದೆ.

ಅವಳು ಮೆಟ್ಟಿಲ ಮೇಲೆ ಕೂತಳು. ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಇಷ್ಟು ದಿನ ತಪ್ಪು ನಂದೇ ಅಂದ್ಕೊಂಡಿದ್ದೆ. ನನ್ನ ಮೇಲೆ ನಾನೇ ಸಿಟ್ಟು ಮಾಡ್ಕೊಂಡು ಹೇಗೋ ದಿನ ದೂಡ್ತಿದ್ದೆ. ವರದಿ ಬಂದ್ಮೇಲೆ ಮಷೀನ್ ಮೇಲೆ ಸಿಟ್ಟು ಬಂತು, ಅದೂ ಸುಲಭ ಇತ್ತು. ಈಗ ನಿನ್ನ ಮೇಲೆ ಸಿಟ್ಟು ಮಾಡ್ಕೋಬೇಕು. ಅದು ನನ್ನಿಂದ ಆಗತ್ತೋ ಇಲ್ವೋ ಗೊತ್ತಿಲ್ಲ."

ಆಮೇಲೆ, "ನಿಮ್ಮಣ್ಣಂಗೆ ನಾನು ಹೇಳಲ್ಲ. ನೀನೇ ಹೇಳು" ಎಂದು ಒಳಗೆ ಹೋದಳು.

ಅಣ್ಣ ಬರುವವರೆಗೆ ಅಲ್ಲೇ ಕೂತಿದ್ದೆ. ಅವನಿಗೂ ಹೇಳಿದೆ. ಅವನು ಬೈಯಲಿಲ್ಲ. ನನ್ನ ಚೀಲ ತೆಗೆದುಕೊಂಡು ಬಸ್ ನಿಲ್ದಾಣದವರೆಗೆ ಮುಂದೆ ಮುಂದೆ ನಡೆದ. ಬಸ್ ಬಂದಾಗ ಚೀಲವನ್ನು ಮೇಲೆ ಇಟ್ಟುಕೊಟ್ಟ. ಚಿಕ್ಕಂದಿನಿಂದ ಪ್ರತಿ ಸಲ ಕಿಟಕಿಯ ಹತ್ತಿರ ಬಂದು, ಊರು ಮುಟ್ಟಿದ ಮೇಲೆ ತಿಳಿಸು ಎನ್ನುತ್ತಿದ್ದ. ಈ ಸಲ ಬಸ್ ಹೊರಡುವ ಮೊದಲೇ ತಿರುಗಿ ಹೊರಟುಬಿಟ್ಟ.

ಇಲ್ಲಿ ಒಂದು ಪರದೆ ಹೊಲಿಯುವ ಅಂಗಡಿಯಲ್ಲಿ ಕೆಲಸ ಸಿಕ್ಕಿದೆ. ಒಬ್ಬಳೇ ಕೂತು ಹೊಲಿಯುವುದು. ದಿನವಿಡೀ ಯಾರ ಹತ್ತಿರವೂ ಮಾತಾಡಬೇಕಿಲ್ಲ. ನಾನು ವಾಪಸು ಬರುವುದಿಲ್ಲ, ನನ್ನ ಜಾಗಕ್ಕೆ ಯಾರನ್ನಾದರೂ ಹಾಕಲು ಹೇಳು. ಬರೆಯಬೇಡ ಎಂದು ಈಗ ಹೇಳುವುದಿಲ್ಲ. ಉತ್ತರಕ್ಕೆ ಮಾತ್ರ ಕಾಯಬೇಡ.

ಸೂಜಿ


ಸೆಪ್ಟೆಂಬರ್ 3

ಸೂಜಿಗೆ,

ಕಾಯದೆ ಬರೆಯುತ್ತಿದ್ದೇನೆ.

ಹೊಸ ಮೇಲ್ವಿಚಾರಕ ಒಳ್ಳೆಯವನೇ, ಸ್ವಲ್ಪ ಅವಸರದವನು. ಮೀಟಿಂಗ್ ನಡೆಸುವಾಗ ಗಡಿಯಾರ ನೋಡುತ್ತಿರುತ್ತಾನೆ. ಇವತ್ತು ಬೆಳಿಗ್ಗೆ ಮೊದಲನೇ ಒಣಗಿಸುವ ಯಂತ್ರದ ಬಾಗಿಲು ಡ್ರಮ್ ತಿರುಗುತ್ತಿರುವಾಗಲೇ ನನ್ನ ಕೈಯಲ್ಲಿ ತೆರೆದುಕೊಂಡಿತು. ಹಾಗೆ ತೆರೆಯಬಾರದು. ಮೀಟಿಂಗಿನಲ್ಲಿ ಹೇಳೋಣ ಎಂದುಕೊಂಡು ಹೋಗಿ ನಿಂತೆ.

ಹೇಳಲು ಆಗಲಿಲ್ಲ. ಅಷ್ಟೂ ಜನರ ಗದ್ದಲದ ಮೇಲೆ ಕೂಗಿ ಮಾತಾಡಿದವಳು ನಾನು. ಇಳಿಸಿದ ಮೇಲೆ ಹೊಟ್ಟೆಕಿಚ್ಚಿಗೆ ತಕರಾರು ತೆಗೆಯುತ್ತಾಳೆ ಎನ್ನುತ್ತಾರೇನೋ ಅನ್ನಿಸಿತು. ಬಾಗಿಲು ನಾನೇ ಸರಿಯಾಗಿ ಹಾಕಿರಲಿಲ್ಲವೇನೋ, ನಾಳೆ ಇನ್ನೊಮ್ಮೆ ನೋಡಿ ಹೇಳಿದರಾಯಿತು ಅನ್ನಿಸಿತು. ಅವನು ಎಲ್ಲರನ್ನೂ ಕೇಳಿಕೊಂಡು ನನ್ನ ಹತ್ತಿರ ಬಂದ. ನಾನು ಮೇಜು ನೋಡುತ್ತಿದ್ದೆ. ಹೊಲಿಗೆ ಕೋಣೆಗೆ ಹೋದ ನೀನು ಎಷ್ಟು ಒಂಟಿಯಾಗಿ ನಡೆದು ಹೋಗಿರಬೇಕು ಎಂದು ಆಗ ತಿಳಿಯಿತು.

ಕೊನೆಗೆ ಹೇಳಿದೆ. ದನಿ ಎಷ್ಟು ಸಣ್ಣಗೆ ಬಂತೆಂದರೆ ಅವನು ಏನಂದ್ರಿ ಎಂದು ಇನ್ನೊಂದು ಸಲ ಕೇಳಬೇಕಾಯಿತು. ಮುಂದಿನ ವಾರ ಮೆಕ್ಯಾನಿಕ್ ಬರುತ್ತಾನೆ, ಆಗ ತೋರಿಸೋಣ ಎಂದ. ನಾನು "ಇವತ್ತೇ ನಿಲ್ಲಿಸ್ಬೇಕು" ಎಂದೆ. ಅವನು ಗಡಿಯಾರ ನೋಡಿದ. ಆಗ ನಮ್ಮ ಹಿರಿಯಕ್ಕ, ಅದೇ ಚಕ್ರದವಳು, ಮೊನ್ನೆ ತನ್ನ ಕೈಯಲ್ಲೂ ತೆರೆದುಕೊಂಡಿತ್ತು ಎಂದಳು. ಬಾಯ್ಲರ್ ಮಾವ ಹೋಗಿ ಯಂತ್ರದ ವಿದ್ಯುತ್ತು ತೆಗೆದ. ಯಾರೂ ನಗಲಿಲ್ಲ.

ಆ ಯಂತ್ರ ದಿನವಿಡೀ ನಿಂತಿತ್ತು. ಉಳಿದ ಮೂರರಲ್ಲೇ ಕೆಲಸ ತೂಗಿಸಿದೆವು, ಸ್ವಲ್ಪ ತಡವಾಯಿತು. ಸಂಜೆ ಎಲ್ಲರೂ ಕೈ ತೊಳೆದುಕೊಂಡು ಮನೆಗೆ ಹೋದೆವು. ಏನೂ ಆಗಲಿಲ್ಲ.

ದಾರಿಯುದ್ದಕ್ಕೂ ಅದನ್ನೇ ನೆನೆಯುತ್ತ ಬಂದೆ. ಕಳೆದ ಅಕ್ಟೋಬರಿನ ಆ ಬುಧವಾರವೂ ಹೀಗೇ, ಕೆಲಸ ಒಂದಿಷ್ಟು ತಡವಾದ ದಿನವಾಗಿ, ಇಷ್ಟು ಹೊತ್ತಿಗೆ ನಮ್ಮಿಬ್ಬರಿಗೂ ಮರೆತೇ ಹೋಗಿರಬೇಕಿತ್ತು.

ನಿನ್ನ,
ದೊಡ್ಡಬಾಯಿ